‘ತಲೆ ಸರಿ ಉಂಟು’ ಎಂದು ಬರೆದುಕೊಡಿ

ಮಂಗಳೂರು, ಉಡುಪಿಯ ಮನೋವೈದ್ಯರ ಹತ್ತಿರ ಬರುವವರಲ್ಲಿ ಕೆಲವರಿಗೆ ಬೇಕಾಗಿರುವುದು ಔಷಧಿಯಲ್ಲ, ಕಾಗದ. ಗಾಲಿಕುರ್ಚಿಯಲ್ಲಿ ಅಪ್ಪ, ಹಿಂದೆ ಫೈಲು ಹಿಡಿದುಕೊಂಡ ಮಗ. “ಡಾಕ್ಟ್ರೇ, ನಮ್ಮ ಅಪ್ಪನ ತಲೆ ಸರಿ ಉಂಟು ಅಂತ ಒಂದು ಸರ್ಟಿಫಿಕೇಟ್ ಬೇಕಿತ್ತು.” ಇನ್ನೊಂದು ಮನೆಯವರು ಬರುವುದು ಇದಕ್ಕೆ ತದ್ವಿರುದ್ಧವಾದ ಕೋರಿಕೆ ಹೊತ್ತು: “ಅತ್ತೆಗೆ ತಲೆ ಸರಿ ಇಲ್ಲ ಅಂತ ಬರೆದುಕೊಡಿ.” ತಿಳಿದ ವೈದ್ಯರು ಇಬ್ಬರಿಗೂ ಕೇಳುವುದು ಒಂದೇ ಪ್ರಶ್ನೆ: “ಯಾವ ತೀರ್ಮಾನಕ್ಕೆ?”

ಬಂದವರಿಗೆ ಇದು ಸತಾಯಿಸುವ ಮಾತಿನಂತೆ ಕೇಳುತ್ತದೆ. ಆದರೆ ವೈದ್ಯಶಾಸ್ತ್ರವೂ ಕಾನೂನೂ ಇವತ್ತು ನಿಂತಿರುವುದು ಆ ಪ್ರಶ್ನೆಯ ಮೇಲೆಯೇ. ಮನುಷ್ಯನಿಗೆ ಒಟ್ಟಾರೆಯಾಗಿ ‘ಸಾಮರ್ಥ್ಯ ಇದೆ’ ಅಥವಾ ‘ಇಲ್ಲ’ ಎಂದು ಬರೆಯಲು ಬರುವುದಿಲ್ಲ. ಇಂಥ ತೀರ್ಮಾನವನ್ನು, ಇಂಥ ದಿನ, ಇಷ್ಟು ಹೊತ್ತಿಗೆ ಇವರು ತೆಗೆದುಕೊಳ್ಳಬಲ್ಲರೇ ಎಂದಷ್ಟೇ ಹೇಳಬಹುದು. ಬ್ಯಾಂಕಿನ ಬಡ್ಡಿ ಲೆಕ್ಕ ತಲೆಗೆ ಹತ್ತದ ಅಜ್ಜಿಗೆ ತಾನು ಯಾವ ಮಗಳ ಮನೆಯಲ್ಲಿರಬೇಕು ಎಂಬುದು ಸ್ಪಷ್ಟವಾಗಿ ಗೊತ್ತಿರಬಹುದು. ದೊಡ್ಡ ಶಸ್ತ್ರಚಿಕಿತ್ಸೆಯ ಲಾಭನಷ್ಟ ತೂಗಲಾರದವರು, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಬೆರಳು ಮಾಡಿ ತೋರಿಸಬಲ್ಲರು.

ಭಾರತದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದದ್ದು 2017ರಲ್ಲಿ, ಜಾರಿಯಾದದ್ದು 2018ರ ಮೇ ತಿಂಗಳಲ್ಲಿ. ಚಿಕಿತ್ಸೆ ಮತ್ತು ಆಸ್ಪತ್ರೆ ಸೇರುವ ವಿಷಯದಲ್ಲಿ ನಿರ್ಧಾರ ಸಾಮರ್ಥ್ಯವನ್ನು ಹೇಗೆ ನೋಡಬೇಕೆಂದು ಅದರ 4ನೇ ಸೆಕ್ಷನ್ ಹೇಳುತ್ತದೆ. ವಿಷಯ ಅರ್ಥವಾಗುವುದು, ಒಪ್ಪಿದರೆ ಅಥವಾ ಬೇಡವೆಂದರೆ ಮುಂದೇನಾದೀತೆಂದು ತಿಳಿಯುವುದು, ತನ್ನ ತೀರ್ಮಾನವನ್ನು ಮಾತಿನಲ್ಲೋ ಸನ್ನೆಯಲ್ಲೋ ತಿಳಿಸುವುದು, ಇವು ಅದು ಹೆಸರಿಸುವ ಸಂಗತಿಗಳು. ಅದೇ ಸೆಕ್ಷನ್ನಿನ ಕೊನೆಗೆ ಒಂದು ಮಾತುಂಟು, ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಅತ್ಯಂತ ಧೈರ್ಯದ ಮಾತು: ತೆಗೆದುಕೊಂಡ ತೀರ್ಮಾನ ಬೇರೆಯವರ ಕಣ್ಣಿಗೆ ತಪ್ಪಾಗಿ ಕಂಡಿತೆಂಬ ಒಂದೇ ಕಾರಣಕ್ಕೆ ಆ ವ್ಯಕ್ತಿಗೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ. ಪೆದ್ದು ನಿರ್ಧಾರ ಮಾಡುವ ಹಕ್ಕು ಆರೋಗ್ಯವಂತರಿಗೆಲ್ಲ ಇದೆ, ಧಾರಾಳವಾಗಿ ಬಳಸುತ್ತಲೂ ಇದ್ದೇವೆ. ಕಾಯಿಲೆಯವರಿಗೂ ಅದು ಇದೆ ಎನ್ನುತ್ತದೆ ಕಾಯ್ದೆ.

ಹಾಗಾದರೆ ತಪ್ಪು ನಿರ್ಧಾರಕ್ಕೂ ಸಾಮರ್ಥ್ಯವಿಲ್ಲದವರ ನಿರ್ಧಾರಕ್ಕೂ ವ್ಯತ್ಯಾಸವೆಲ್ಲಿ? ಕೋರ್ಟಿನ ಮೆಟ್ಟಿಲೇರಿದ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟರೆ ಇದು ಗೊತ್ತಾಗುತ್ತದೆ. ಎರಡರಲ್ಲೂ ಇರುವುದು ಗ್ಯಾಂಗ್ರೀನ್ ಆಗಿ ಕಪ್ಪಾದ ಪಾದ, ಎರಡರಲ್ಲೂ ವೈದ್ಯರು ಕತ್ತರಿಸಬೇಕು ಎನ್ನುತ್ತಾರೆ, ರೋಗಿ ಬೇಡವೆನ್ನುತ್ತಾರೆ.

ಮೊದಲನೆಯದು 1978ರದು, ಅಮೆರಿಕದ ಟೆನೆಸ್ಸಿಯದು. ಎಪ್ಪತ್ತೆರಡು ವರ್ಷದ ಒಬ್ಬಂಟಿ ವೃದ್ಧೆ. ಚಳಿಗೆ ಎರಡೂ ಪಾದ ಸತ್ತುಹೋಗಿದ್ದವು. ಮಿಕ್ಕ ವಿಷಯಗಳಲ್ಲಿ ಆಕೆಯ ಮಾತು ಚುರುಕಾಗಿಯೇ ಇತ್ತು. ಪಾದದ ಮಾತು ಬಂದರೆ ಮಾತ್ರ, ಅದು ಮಸಿ ಹತ್ತಿ ಕಪ್ಪಾದದ್ದು, ತಾನಾಗಿ ವಾಸಿಯಾಗುತ್ತದೆ ಎನ್ನುತ್ತಿದ್ದಳು. ಬದುಕಬೇಕೆಂಬ ಆಸೆಯೂ ಇತ್ತು, ಕಾಲೂ ಬೇಕಿತ್ತು. ಎರಡರಲ್ಲಿ ಒಂದನ್ನು ಆರಿಸಬೇಕಾಗಿದೆ ಎಂಬುದು ಮಾತ್ರ ಆಕೆಯ ಮನಸ್ಸಿಗೆ ಇಳಿಯಲೇ ಇಲ್ಲ. ಈ ನಿರ್ಧಾರಕ್ಕೆ ಸಾಮರ್ಥ್ಯವಿಲ್ಲವೆಂದಿತು ಕೋರ್ಟು.

ಎರಡನೆಯದು ಇಂಗ್ಲೆಂಡಿನದು, 1993ರದು. ಬ್ರಾಡ್‌ಮೂರ್ ಎಂಬ ಬಿಗಿ ಕಾವಲಿನ ಮಾನಸಿಕ ಆಸ್ಪತ್ರೆಯಲ್ಲಿದ್ದ ಅರವತ್ತೆಂಟರ ಮನುಷ್ಯ. ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗ, ತಾನೇ ಜಗತ್ಪ್ರಸಿದ್ಧ ಡಾಕ್ಟರೆಂಬ ಭ್ರಮೆ. ಕಾಲು ತೆಗೆಯದಿದ್ದರೆ ಬದುಕುವ ಸಾಧ್ಯತೆ ಶೇಕಡ 15 ಎಂದರು ಸರ್ಜನ್. ಸಾಯಬಹುದೆಂಬುದನ್ನು ಅವನು ಅಲ್ಲಗಳೆಯಲಿಲ್ಲ, ಆದರೆ ಎರಡು ಕಾಲಿಟ್ಟುಕೊಂಡೇ ಸಾಯುತ್ತೇನೆ ಎಂಬ ಹಟ ಹಿಡಿದ. ವಿಷಯ ಅವನಿಗೆ ಅರ್ಥವಾಗಿದೆ, ತನ್ನ ರೀತಿಯಲ್ಲಿ ತೂಗಿಯೂ ನೋಡಿದ್ದಾನೆ ಎಂದ ನ್ಯಾಯಾಧೀಶರು ಅವನ ಒಪ್ಪಿಗೆ ಇಲ್ಲದೆ ಕಾಲು ಮುಟ್ಟಬಾರದೆಂದು ಆದೇಶಿಸಿದರು. (ಸತ್ತ ಭಾಗವನ್ನಷ್ಟೇ ತೆಗೆದು ಔಷಧಿ ಕೊಟ್ಟರು. ಅವನು ಬದುಕಿಕೊಂಡ. ಸತ್ತಿದ್ದರೂ ತೀರ್ಪು ಸರಿಯೇ ಆಗಿರುತ್ತಿತ್ತು.)

ಅಂದರೆ, ದೊಡ್ಡ ಕಾಯಿಲೆಯ ಹೆಸರು ಹೊತ್ತವನಿಗೆ ಸಾಮರ್ಥ್ಯ ಇತ್ತು, ಅಂಥ ಹೆಸರಿಲ್ಲದವಳಿಗೆ ಇರಲಿಲ್ಲ. ಕಾಯಿಲೆ ಇದೆಯೇ ಎಂಬುದಕ್ಕಿಂತ, ಕಾಯಿಲೆ ಈ ನಿರ್ದಿಷ್ಟ ಪ್ರಶ್ನೆಯ ಒಳಗೆ ಕೈ ಹಾಕಿದೆಯೇ ಎಂಬುದು ಮುಖ್ಯ. ಅಮೆರಿಕದ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಮನಃಶಾಸ್ತ್ರಜ್ಞ ಥಾಮಸ್ ಗ್ರಿಸ್ಸೊ 1988ರಲ್ಲಿ ಇದನ್ನು ನಾಲ್ಕು ಶಕ್ತಿಗಳಾಗಿ ಬಿಡಿಸಿಟ್ಟರು: ಹೇಳಿದ್ದು ತಿಳಿಯುವುದು, ಅದು ತನಗೇ ಅನ್ವಯಿಸುತ್ತದೆಂದು ಮನಗಾಣುವುದು, ಹೋಲಿಸಿ ತೂಗುವುದು, ಆಯ್ಕೆಯನ್ನು ಹೇಳುವುದು. ಟೆನೆಸ್ಸಿಯ ವೃದ್ಧೆ ಎಡವಿದ್ದು ಎರಡನೆಯದರಲ್ಲಿ. ಗ್ಯಾಂಗ್ರೀನ್ ಎಂದರೇನೆಂದು ವಿವರಿಸಿದರೆ ತಿಳಿದೀತು, ಅದು ತನ್ನ ಕಾಲಿಗೇ ಆಗಿದೆ ಎಂಬುದು ತಿಳಿಯದು. ತೀವ್ರ ಖಿನ್ನತೆಯಲ್ಲಿ ಕೆಡುವುದು ಹೆಚ್ಚಾಗಿ ಮೂರನೆಯದು. ಎಲ್ಲ ಅರ್ಥವಾಗಿರುತ್ತದೆ, ಆದರೆ ‘ನಾನು ಬದುಕಿ ಯಾರಿಗೆ ಉಪಕಾರ’ ಎಂಬ ಭಾವ ತಕ್ಕಡಿಯ ಒಂದು ತಟ್ಟೆಯ ಮೇಲೆ ಕೈಯಿಟ್ಟು ಒತ್ತಿರುತ್ತದೆ. ಮನೋವೈದ್ಯರಿಗೆ ನಿದ್ದೆ ಕೆಡಿಸುವುದು ಇಂಥವೇ.

ಇದನ್ನು ಪರೀಕ್ಷಿಸುವುದು ಹೇಗೆ? ಮಲ್ಪೆ ಕಡೆಯ ಅಜ್ಜರೊಬ್ಬರನ್ನು ಕಲ್ಪಿಸಿಕೊಳ್ಳಿ: ಸಕ್ಕರೆ ಕಾಯಿಲೆ, ಹೆಬ್ಬೆರಳು ಕಪ್ಪಾಗಿದೆ, ಆಪರೇಶನ್ ಅಂದರೆ “ಬೊಡ್ಚಿ” (ಬೇಡ) ಎನ್ನುತ್ತಾರೆ. ಒಳ್ಳೆಯ ವೈದ್ಯೆ ಮೊದಲು ಮಗನನ್ನು ಹೊರಗೆ ಕೂರಿಸುತ್ತಾಳೆ. ಬಳಿಕ ತುಳುವಿಗೆ ಹೊರಳುತ್ತಾಳೆ. “ಅಜ್ಜ, ಕಾಲಿಗೆ ಎಂತಾಗಿದೆ ಅಂತ ನಾನು ಹೇಳಿದ್ದು? ನಿಮ್ಮ ಮಾತಲ್ಲಿ ಹೇಳಿ ನೋಡುವ.” ಅರ್ಥವಾಯಿತಾ ಎಂದು ಕೇಳುವುದಿಲ್ಲ, ಅದಕ್ಕೆ ನಮ್ಮೂರಲ್ಲಿ ಎಲ್ಲರೂ ಹೂಂ ಎನ್ನುತ್ತಾರೆ. “ಬೆರಳು ತೆಗೆಯದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಏನಾದೀತು?” “ನಂಜು ಮೇಲೇರ್ತದೆ. ಸಾಯಲೂಬಹುದು.” “ಮತ್ತೆ ಯಾಕೆ ಬೇಡ?” “ಬಾವನಿಗೆ ಬೆರಳು ತೆಗೆದರು, ಮತ್ತೆ ಪಾದ, ಮತ್ತೆ ಮೊಣಕಾಲು. ಕಡೆಗೆ ಅವನು ಹೋದ. ನನಗೆ ಅದು ಬೇಡ.” ಇದು ವೈದ್ಯೆಗೆ ಒಪ್ಪಿಗೆಯಾಗದ ಉತ್ತರ, ಆದರೆ ತೂಗಿದ ಉತ್ತರ. ಅದೇ ಅಜ್ಜ “ಇದು ಬಲೆಯ ಬಣ್ಣ ಹತ್ತಿದ್ದು, ತೊಳೆದರೆ ಹೋಗ್ತದೆ” ಎಂದಿದ್ದರೆ ಕತೆ ಬೇರೆ. ಸ್ವಲ್ಪ ಹೊತ್ತು ಬಿಟ್ಟು ಅದೇ ಪ್ರಶ್ನೆ ಇನ್ನೊಮ್ಮೆ ಬರುತ್ತದೆ, ಉತ್ತರ ನಿಲ್ಲುತ್ತದೋ ಹಾರುತ್ತದೋ ನೋಡಲು. ಕೇಸ್‌ಶೀಟಿನಲ್ಲಿ ‘ಸಾಮರ್ಥ್ಯ ಇದೆ’ ಎಂದು ಗೀಚಿ ಮುಗಿಸದೆ ಪ್ರಶ್ನೆ, ಉತ್ತರ ಎರಡನ್ನೂ ಅವರ ಮಾತಿನಲ್ಲೇ ಬರೆದಿಡಬೇಕು.

ಭಾಷೆಯ ಸಂಗತಿ ನಮ್ಮ ಕರಾವಳಿಯಲ್ಲಿ ಸಣ್ಣದಲ್ಲ. ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ ಆಡುವ ಹಿರಿಯರನ್ನು ಪುಸ್ತಕದ ಕನ್ನಡದಲ್ಲೋ ಮಲಯಾಳ ಬೆರೆತ ಇಂಗ್ಲಿಷಿನಲ್ಲೋ ಪ್ರಶ್ನಿಸಿ ‘ಗೊಂದಲದಲ್ಲಿದ್ದಾರೆ’ ಎಂದು ಬರೆದರೆ, ಗೊಂದಲ ಯಾರದ್ದು? ವಾರ್ಡುಗಳಲ್ಲಿ ಬಳಸುವ ಮೂವತ್ತು ಅಂಕದ ಮಿನಿ ಮೆಂಟಲ್ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಇವತ್ತು ತಾರೀಕೆಷ್ಟು, ಇದು ಎಷ್ಟನೇ ಮಹಡಿ, ನೂರರಿಂದ ಏಳೇಳು ಕಳೆಯುತ್ತ ಬನ್ನಿ, ಒಂದು ವಾಕ್ಯ ಬರೆಯಿರಿ. ಶಾಲೆ ಕಾಣದ ಅಜ್ಜಿಗೆ ಅಂಕ ಉದುರುತ್ತ ಹೋಗುತ್ತವೆ. ತಾರೀಕು ಕೇಳಿದರೆ ಬಾಯಿಬಿಡದ ಅದೇ ಅಜ್ಜಿ “ಪತ್ತನಾಜೆ ಕಳೆದು ಹದಿನೈದು ದಿನ ಆಯ್ತು” ಎಂದು ತುಳು ಪಂಚಾಂಗದ ಲೆಕ್ಕ ಹೇಳಿದರೆ ಆಕೆಗೆ ಕಾಲಜ್ಞಾನ ನನಗಿಂತ ಚೆನ್ನಾಗಿದೆ ಎಂದೇ ಅರ್ಥ. ಅದಿರಲಿ, ಈ ಪರೀಕ್ಷೆ ಅಳೆಯುವುದು ನೆನಪು, ಗಮನ, ಲೆಕ್ಕ. ನಿರ್ಧಾರ ಸಾಮರ್ಥ್ಯವನ್ನು ಅಳೆಯಲೆಂದು ಅದನ್ನು ಮಾಡಿದ್ದೇ ಅಲ್ಲ.

ಹೊತ್ತೂ ಅಷ್ಟೇ ಮುಖ್ಯ. ಆಸ್ಪತ್ರೆ ಸೇರಿದ ವೃದ್ಧರಲ್ಲಿ ಸನ್ನಿ ಹಿಡಿದಂಥ ಸ್ಥಿತಿ, ವೈದ್ಯರು ಡೆಲಿರಿಯಂ ಎನ್ನುವುದು, ಸಾಮಾನ್ಯ. ಮೂತ್ರದ ಸೋಂಕು, ಸೋಡಿಯಂ ಇಳಿಯುವುದು, ಯಾವುದೋ ನೆಗಡಿ ಮಾತ್ರೆ, ನಿದ್ದೆಗೇಡು, ಯಾವುದೂ ಕಾರಣವಾಗಬಹುದು. ಬೆಳಿಗ್ಗೆ ಸರಿಯಾಗಿ ಮಾತಾಡಿದವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಸತ್ತ ತಮ್ಮನನ್ನು ಕರೆಯುತ್ತಾರೆ. ಮನೆಯವರು ಇದನ್ನು ಅರಳುಮರಳು ಎಂದು ತಿಳಿದು ಕೈಚೆಲ್ಲುವುದುಂಟು. ಕಾರಣಕ್ಕೆ ಚಿಕಿತ್ಸೆಯಾದರೆ ಇದು ಬಹುಪಾಲು ಇಳಿಯುತ್ತದೆ, ಸಾಮರ್ಥ್ಯವೂ ಮರಳುತ್ತದೆ. ಹಾಗಾಗಿ ತುರ್ತಿಲ್ಲದ ನಿರ್ಧಾರವಾದರೆ ಕಾಯಬೇಕು. ಕಿವಿಯ ಯಂತ್ರ, ಕನ್ನಡಕ, ಹಲ್ಲಿನ ಸೆಟ್ಟು ಮನೆಯಲ್ಲಿ ಉಳಿದಿದ್ದರೆ ತರಿಸಬೇಕು. ಬೇರೆಯವರ ಬೆಂಬಲದಿಂದ ದಾಖಲಾದ ಮಾನಸಿಕ ರೋಗಿಯ ಸಾಮರ್ಥ್ಯವನ್ನು ಮೊದಲ ಹಂತದಲ್ಲಿ ಏಳು ದಿನಕ್ಕೊಮ್ಮೆ ಮತ್ತೆ ನೋಡಬೇಕೆಂದು 2017ರ ಕಾಯ್ದೆ ಹೇಳುವುದು ಇದಕ್ಕೇ.

ಮಾತು ಸರಿಯಿದ್ದರೆ ತಲೆ ಸರಿ ಎಂಬ ಲೆಕ್ಕವೂ ಕೆಲವೊಮ್ಮೆ ಕೈಕೊಡುತ್ತದೆ. ಹಣೆಯ ಹಿಂದೆ, ಕಣ್ಣಿನ ಗೂಡಿನ ಮೇಲಿರುವ ಮಿದುಳಿನ ಭಾಗ ಕೆಟ್ಟವರ ಮೇಲೆ 1994ರಲ್ಲಿ ಅಯೋವಾದ ಸಂಶೋಧಕರು ಇಸ್ಪೀಟಿನಂಥ ಒಂದು ಆಟ ಆಡಿಸಿದರು. ನಾಲ್ಕು ಕಟ್ಟು. ಎರಡರಲ್ಲಿ ದೊಡ್ಡ ಲಾಭ, ಆದರೆ ಅದಕ್ಕಿಂತ ದೊಡ್ಡ ನಷ್ಟ; ಇನ್ನೆರಡರಲ್ಲಿ ಸಣ್ಣ ಲಾಭ, ಇನ್ನೂ ಸಣ್ಣ ನಷ್ಟ. ಆರೋಗ್ಯವಂತರು ನಾಲ್ಕಾರು ಪೆಟ್ಟು ತಿಂದು ಸುರಕ್ಷಿತ ಕಟ್ಟಿಗೆ ಸರಿಯುತ್ತಾರೆ. ಆ ಭಾಗ ಕೆಟ್ಟವರು, ಬುದ್ಧಿಶಕ್ತಿ ನೆಟ್ಟಗಿದ್ದರೂ, ನಷ್ಟದ ಕಟ್ಟಿಗೇ ಕೈ ಹಾಕುತ್ತಾರೆ. ಕೆಲವರಂತೂ ಯಾವುದು ಕೆಟ್ಟ ಕಟ್ಟೆಂದು ಬಾಯಲ್ಲಿ ಹೇಳುತ್ತಲೇ ಅದನ್ನು ಎಳೆಯುತ್ತಾರೆ. ಇಂಥವರು ವೈದ್ಯರ ಮುಂದೆ ಇಪ್ಪತ್ತು ನಿಮಿಷ ಸೊಗಸಾಗಿ ಮಾತಾಡಿ ಹೋಗಬಲ್ಲರು. ಆಗ ಮಾತಿನ ಜೊತೆ ನಡೆಯನ್ನೂ ನೋಡಬೇಕು: ಹೋದ ತಿಂಗಳು ಪಿಂಚಣಿ ಎಲ್ಲಿ ಹೋಯಿತು, ಫೋನಿನಲ್ಲಿ ಯಾರಿಗೆ ದುಡ್ಡು ಕಳಿಸಿದರು?

ಆಸ್ತಿಯ ವಿಷಯಕ್ಕೆ ಬಂದರೆ ಕಾನೂನೇ ಬೇರೆ. ವೀಲುನಾಮೆಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 59ನೇ ಸೆಕ್ಷನ್. ಅದರಲ್ಲೊಂದು ಉದಾಹರಣೆ ಕೊಟ್ಟಿದ್ದಾರೆ: ಸುತ್ತಮುತ್ತ ನಡೆಯುವುದು ತಿಳಿಯುತ್ತದೆ, ಪರಿಚಿತ ಪ್ರಶ್ನೆಗೆ ಉತ್ತರ ಬರುತ್ತದೆ, ಆದರೆ ತನ್ನ ಆಸ್ತಿ ಎಂಥದು, ನೆಂಟರು ಯಾರು ಎಂಬ ಸರಿಯಾದ ತಿಳಿವಿಲ್ಲ, ಅಂಥವರ ವೀಲು ಸಿಂಧುವಲ್ಲ. ಊಟ ಆಯಿತಾ ಎಂದದ್ದಕ್ಕೆ ಹೂಂ ಎಂದರೆ ಸಾಲದು ಎಂದಾಯಿತು. ಅದೇ ಸೆಕ್ಷನ್ ಇನ್ನೊಂದು ಬದಿಯನ್ನೂ ಹೇಳುತ್ತದೆ: ಸಾಮಾನ್ಯವಾಗಿ ಬುದ್ಧಿ ಸ್ಥಿಮಿತವಿಲ್ಲದವರೂ ಸ್ಥಿಮಿತವಿರುವ ಹೊತ್ತಿನಲ್ಲಿ ವೀಲು ಬರೆಯಬಹುದು. 1870ರ ಒಂದು ಇಂಗ್ಲಿಷ್ ತೀರ್ಪು ಇವತ್ತಿಗೂ ಈ ವಿಷಯದ ಮೂಲಪಾಠ. ಜಾನ್ ಬ್ಯಾಂಕ್ಸ್ ಎಂಬವನಿಗೆ ಸತ್ತುಹೋದವನೊಬ್ಬ ತನ್ನನ್ನು ಬೆನ್ನಟ್ಟಿ ಕಾಡುತ್ತಿದ್ದಾನೆಂಬ ಭ್ರಮೆ. ಆಸ್ತಿಯನ್ನು ಸೋದರ ಸಂಬಂಧದ ಹುಡುಗಿಗೆ ಬರೆದ. ಭ್ರಮೆ ಆ ಬರಹವನ್ನು ಮುಟ್ಟಿಲ್ಲವಾದ್ದರಿಂದ ವೀಲು ಊರ್ಜಿತ ಎಂದಿತು ಕೋರ್ಟು.

ನಮ್ಮಲ್ಲಿ ವೈದ್ಯರು ಕೇಳಬೇಕಾದದ್ದು ಸರ್ವೆ ನಂಬರನ್ನಲ್ಲ. ಬೈಲು ಗದ್ದೆ ಯಾವುದು, ಬೆಟ್ಟು ಯಾವುದು, ವರ್ಗ (ಪಟ್ಟಾ ಜಮೀನು) ಎಷ್ಟು, ಕುಮ್ಕಿ (ಅದಕ್ಕೆ ತಾಗಿದ ಸರಕಾರಿ ಜಾಗ) ಎಷ್ಟು, ಯಾವುದು ಭೂಸುಧಾರಣೆಯ ಡಿಕ್ಲರೇಶನ್‌ನಲ್ಲಿ ಸಿಕ್ಕಿದ್ದು, ಯಾವುದು ಮೂಲದ ಮನೆಯಿಂದ ಬಂದದ್ದು ಎಂದು ಹೇಳುವವರಿಗೆ ತಮ್ಮ ಆಸ್ತಿ ಗೊತ್ತಿದೆ. ಮಗನಿದ್ದರೂ ಅಕ್ಕನ ಮಗಳಿಗೆ ಒಂದು ಪಾಲು ಬರೆದರೆ ಘಟ್ಟದ ಮೇಲಿನ ಡಾಕ್ಟರಿಗೆ ಅದು ವಿಚಿತ್ರವಾಗಿ ಕಂಡೀತು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಕಟ್ಟಿನ ಕುಟುಂಬದಲ್ಲಿ ಬೆಳೆದವರಿಗೆ ಅದಕ್ಕಿಂತ ಸಹಜವಾದದ್ದಿಲ್ಲ. ಫಲ ಪಡೆಯುವವನೇ ಮುಂದೆ ನಿಂತು ಬರೆಸಿದ ವೀಲಿನ ಮೇಲೆ ಅನುಮಾನ ಹುಟ್ಟಿದರೆ ಅದನ್ನು ಕಳೆಯುವ ಹೊಣೆ ವೀಲನ್ನು ಮುಂದಿಡುವವನದೇ. ಸುಪ್ರೀಂ ಕೋರ್ಟು 1958ರಲ್ಲಿ, ಮೈಸೂರಿನಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ, ಇದನ್ನು ವಿಸ್ತಾರವಾಗಿ ಹೇಳಿತು. ಮಗನನ್ನು ಹೊರಗೆ ಕೂರಿಸುವುದು ಮಗನ ಒಳ್ಳೆಯದಕ್ಕೂ ಹೌದು.

ದುಬೈ, ಮುಂಬೈಯಲ್ಲಿ ಮಕ್ಕಳಿರುವ ಮನೆಗಳಲ್ಲಿ ಇನ್ನೊಂದು ನಂಬಿಕೆ ಉಂಟು: ಅಪ್ಪ ಒಂದು ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದಾರೆ, ಮುಂದೆ ಅವರಿಗೆ ಮರೆವು ಬಂದರೂ ಚಿಂತೆಯಿಲ್ಲ. ಇದು ತಪ್ಪು. 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ಹೋದರೆ ಆ ಅಧಿಕಾರವೂ ಹೋಗುತ್ತದೆ. ಯಾವಾಗ ಬೇಕೋ ಆವಾಗಲೇ ಅದು ಕೈಬಿಡುತ್ತದೆ. ಆಸ್ತಿ ನೋಡಿಕೊಳ್ಳಲು ಪಾಲಕರನ್ನು ನೇಮಿಸುವ ದಾರಿ 1987ರ ಹಳೆಯ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿತ್ತು. 2017ರದು ಅದನ್ನು ಉಳಿಸಿಕೊಳ್ಳಲಿಲ್ಲ. ಹೀಗಾಗಿ ಪಾರ್ಶ್ವವಾಯುವಾಗಿ ಪ್ರಜ್ಞೆಯಿಲ್ಲದೆ ಮಲಗಿದ ಅಪ್ಪನ ಠೇವಣಿಯಿಂದ ಅಪ್ಪನದೇ ಬಿಲ್ಲು ಕಟ್ಟಲು ಕುಟುಂಬಗಳು ಹೈಕೋರ್ಟಿಗೆ ರಿಟ್ ಹಾಕುವ ಸ್ಥಿತಿ ಬಂದಿದೆ. ಮನುಷ್ಯನ ಸ್ವಾಯತ್ತತೆಗೆ ಇಷ್ಟು ಬೆಲೆ ಕೊಟ್ಟ ಕಾಯ್ದೆ ಈ ಬಾಗಿಲನ್ನು ಹೀಗೆ ಮುಚ್ಚಿದ್ದು ನನಗಂತೂ ಸರಿ ಕಾಣುವುದಿಲ್ಲ.

ಮಾನಸಿಕ ಚಿಕಿತ್ಸೆಯ ಮಟ್ಟಿಗೆ ಮಾತ್ರ ಅದು ಒಂದು ಸುಲಭದ ದಾರಿ ಇಟ್ಟಿದೆ. ಮುಂದೆ ತನಗೆ ನಿರ್ಧರಿಸಲಾಗದ ಹೊತ್ತು ಬಂದರೆ ಯಾರು ಬೆಂಬಲಕ್ಕೆ ನಿಲ್ಲಬೇಕೆಂದು ಯಾವ ವಯಸ್ಕರೂ ಈಗಲೇ ಹೆಸರಿಸಿಡಬಹುದು. ಡಿಮೆನ್ಷಿಯಾದ (ಮರೆವಿನ ಕಾಯಿಲೆಯ) ಮೊದಲ ಹಂತದಲ್ಲಿರುವ ಅನೇಕರಿಗೂ ಅಷ್ಟರ ಸಾಮರ್ಥ್ಯ ಇರುತ್ತದೆ. ಹೆಂಡತಿಯನ್ನೋ ಮಗನನ್ನೋ ಹೆಸರಿಸಬೇಕೆಂದಿಲ್ಲ, ಒಪ್ಪಿದ ಗೆಳೆಯನಾದರೂ ಆದೀತು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು, ಮನಸ್ಸು ಬದಲಾದರೆ ಹೆಸರನ್ನೂ ಬದಲಿಸಬಹುದು.