ವಾರಕ್ಕೆ ಒಂದೆರಡು ದಿನ ವಿಪಶ್ಯನ ಕೇಂದ್ರದ ಆಫೀಸಿನಲ್ಲಿ ಸೇವೆ ಮಾಡಬಹುದಾ?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತಳಾಗಿದ್ದೇನೆ. ಅಡುಗೆಮನೆಯಲ್ಲಿ ದಿನವಿಡೀ ನಿಂತು ಸೇವೆ ಮಾಡೋಣವೆಂದರೆ ಮಂಡಿನೋವು. ವಾರಕ್ಕೆ ಒಂದೆರಡು ದಿನ ಧ್ಯಾನ ಕೇಂದ್ರದ ಆಫೀಸಿನಲ್ಲಿ ಕೂತು ಕೆಲಸ ಮಾಡಬಹುದಾ? ಅದೂ ಸೇವೆಯೇ ಅಲ್ವಾ?

ಖಂಡಿತ ಮಾಡಬಹುದು. ಅದು ಸೇವೆಯೇ. ಆದರೆ ಒಂದು ಷರತ್ತಿದೆ. ವಿಪಶ್ಯನ ಎಂದರೆ ದೇಹದ ಸಂವೇದನೆಗಳನ್ನು ಸಮಚಿತ್ತದಿಂದ ಗಮನಿಸುವ ಧ್ಯಾನ. ಅದನ್ನು ಕಲಿಸಿದ ಆಚಾರ್ಯ ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ ಯಾವುದೇ ಕೇಂದ್ರದಲ್ಲಿ ಧಮ್ಮ ಸೇವೆ (ಸಂಬಳವಿಲ್ಲದೆ ಮಾಡುವ ಕೆಲಸ) ಮಾಡಬೇಕಾದರೆ ಮೊದಲು ನೀವು 10 ದಿನದ ಒಂದು ಶಿಬಿರವನ್ನು ಪೂರ್ತಿ ಮುಗಿಸಿರಬೇಕು. ಮಹಾರಾಷ್ಟ್ರದ ಇಗತ್ಪುರಿಯ ಧಮ್ಮಗಿರಿ ಆಗಲಿ, ನಮ್ಮ ಬೆಂಗಳೂರಿನಲ್ಲಿ ದಾಸನಪುರ ಹೋಬಳಿಯ ಆಲೂರಿನ ಧಮ್ಮ ಪಫುಲ್ಲ ಆಗಲಿ, ನಿಯಮ ಒಂದೇ. ನಿಮ್ಮ ಧರ್ಮ, ಜಾತಿ ಯಾರಿಗೂ ಬೇಕಿಲ್ಲ. ಎಷ್ಟು ಓದಿದ್ದೀರಿ ಎನ್ನುವುದೂ ಮುಖ್ಯವಲ್ಲ. ಶಿಬಿರ ಮುಗಿಸಿದ ಹಳೆಯ ಸಾಧಕರಾಗಿದ್ದೀರಾ, ಇದೇ ಅಭ್ಯಾಸವನ್ನು ಮುಂದುವರಿಸಿದ್ದೀರಾ ಎಂದಷ್ಟೇ ಕೇಳುತ್ತಾರೆ.

ಸುಮ್ನೆ ಫೋನ್ ಎತ್ತುವುದಕ್ಕೂ ಶಿಬಿರ ಮಾಡಿರಬೇಕಾ ಎಂದು ಅನೇಕರು ಕೇಳುತ್ತಾರೆ. ಇದಕ್ಕೆ ಎರಡು ಕಾರಣ ಇವೆ. ಈ ಶಿಬಿರಗಳಿಗೆ ಶುಲ್ಕ ಇಲ್ಲ. ಊಟ, ವಸತಿ, ಕಲಿಸುವುದು ಎಲ್ಲವೂ ಉಚಿತ. ದಾನವನ್ನು ಕೂಡ ಶಿಬಿರ ಮುಗಿಸಿದವರಿಂದ ಮಾತ್ರ ತೆಗೆದುಕೊಳ್ಳುತ್ತಾರೆ. ತನಗೆ ಒಳ್ಳೆಯದಾಗಿದೆ ಅನ್ನಿಸಿದವರು ಇನ್ನೊಬ್ಬರಿಗಾಗಿ ಕೊಡಲಿ ಎಂಬುದು ಅದರ ಹಿಂದಿನ ಯೋಚನೆ. ಸೇವೆಗೂ ಅದೇ ಲೆಕ್ಕ. ಇನ್ನೊಂದು ಕಾರಣ ಆಫೀಸಿಗೇ ಸೇರಿದ್ದು. ಫೋನ್ ಮಾಡಿದವರು, 'ಬೆಳಗ್ಗೆ 4 ಗಂಟೆಗೆ ಏಳಬೇಕಂತೆ, ರಾತ್ರಿ ಊಟ ಇಲ್ಲವಂತೆ, ಹತ್ತು ದಿನ ಮಾತೇ ಆಡಬಾರದಂತೆ, ನನ್ನ ಕೈಲಿ ಆಗುತ್ತಾ?' ಎಂದು ಕೇಳುತ್ತಾರೆ. ಮೂರನೇ ದಿನದ ಬೆನ್ನುನೋವು ಹೇಗಿರುತ್ತದೆ ಎಂದು ಗೊತ್ತಿದ್ದವರು ಕೊಡುವ ಉತ್ತರವೇ ಬೇರೆ. ನಿಯಮದ ಹಾಳೆ ನೋಡಿಕೊಂಡು ಓದಿ ಹೇಳುವವರ ಉತ್ತರವೇ ಬೇರೆ.

ಕೆಲಸದ ವಿಷಯಕ್ಕೆ ಬರೋಣ. ಅರ್ಜಿ ನೋಡುವುದು, ಬರುತ್ತೇವೆ ಎಂದವರನ್ನು ಖಚಿತಪಡಿಸಿಕೊಳ್ಳುವುದು, ಯಾರಾದರೂ ರದ್ದು ಮಾಡಿದರೆ ಕಾಯುವ ಪಟ್ಟಿಯಲ್ಲಿರುವವರಿಗೆ ತಿಳಿಸುವುದು, ಕೋಣೆ ಹಂಚುವುದು, ದಾನಕ್ಕೆ ರಸೀದಿ ಬರೆಯುವುದು. ಶಿಬಿರ ಶುರುವಾಗುವ ದಿನ ಮಧ್ಯಾಹ್ನದಿಂದ ನೂಕುನುಗ್ಗಲು. ಒಬ್ಬರಿಗೆ ಫಾರಂ ತುಂಬಲು ಕನ್ನಡಕ ಇಲ್ಲ, ಇನ್ನೊಬ್ಬರಿಗೆ ಮೆಟ್ಟಿಲು ಹತ್ತಲಾಗದು, ಮತ್ತೊಬ್ಬರಿಗೆ ಫೋನ್ ಒಪ್ಪಿಸಲು ಮನಸ್ಸಿಲ್ಲ. ಬ್ಯಾಂಕ್ ಕೌಂಟರಿನಲ್ಲಿ ಕೂತ ನಿಮಗೆ ಇದೇನೂ ಹೊಸದಲ್ಲ.

ಹೊಸದಾಗಿ ಕಲಿಯಬೇಕಾದ್ದು ಆಮೇಲಿನ ಹತ್ತು ದಿನದಲ್ಲಿದೆ. ಒಳಗೆ ಆರ್ಯಮೌನ, ಅಂದರೆ ಸಾಧಕರು ತಮ್ಮತಮ್ಮಲ್ಲಿ ಮಾತು, ಸನ್ನೆ ಏನೂ ಮಾಡುವಂತಿಲ್ಲ. ಆಫೀಸಿನಲ್ಲಿ ಮಾತ್ರ ಫೋನ್ ನಿಲ್ಲುವುದಿಲ್ಲ. ಹೆಚ್ಚಿನವು ಮನೆಯವರ ಕರೆಗಳು. 'ಮಗಳು ಊಟ ಮಾಡ್ತಿದ್ದಾಳಾ? ಒಂದೇ ನಿಮಿಷ ಮಾತಾಡಿಸಿ' ಎಂದು ತಾಯಿ ಕೇಳಿದರೆ ಏನು ಹೇಳುತ್ತೀರಿ? ಆಗುವುದಿಲ್ಲ ಎಂದು ಫೋನ್ ಇಟ್ಟರೆ ಅವರು ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ. ಪಾಪ ಎಂದು ಕರೆದು ಕೊಟ್ಟರೆ ಆ ಹುಡುಗಿಯ ನಾಲ್ಕು ದಿನದ ಶ್ರಮ ಹಾಳು. ಕರೆ ಬಂದದ್ದನ್ನು ಮಹಿಳಾ ವಿಭಾಗದ ಸೇವಕಿಗೆ ತಿಳಿಸಿ, ಮಗಳು ಕ್ಷೇಮವಾಗಿದ್ದಾಳಾ ಎಂದು ವಿಚಾರಿಸಿ, ಆ ತಾಯಿಗೆ ತಿರುಗಿ ನೀವೇ ಫೋನ್ ಮಾಡಿ ಹೇಳುವುದು ಸರಿಯಾದ ದಾರಿ. ಸಾವು ಅಥವಾ ಆಸ್ಪತ್ರೆಯಂಥ ಸುದ್ದಿಯಾದರೆ ಮ್ಯಾನೇಜರ್ ಮೂಲಕ ಶಿಬಿರ ನಡೆಸುವ ಸಹಾಯಕ ಆಚಾರ್ಯರಿಗೆ ಮುಟ್ಟಿಸಬೇಕು. ಯಾವಾಗ, ಹೇಗೆ ತಿಳಿಸಬೇಕೆಂದು ನಿರ್ಧರಿಸುವವರು ಅವರು. ಕೇಳಿದ ಸುದ್ದಿಯನ್ನು ನೀವಾಗಿಯೇ ಸಾಧಕರ ಕಿವಿಗೆ ಹಾಕಬಾರದು. ಮುಚ್ಚಿಟ್ಟು ಸುಮ್ಮನಿರುವುದೂ ತಪ್ಪು.

ಇನ್ನೊಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆಗಳಿರುತ್ತವೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವುದು, ಹಿಂದಿನ ಕುಡಿತ, ಮನಸ್ಸಿನ ಕಾಯಿಲೆ, ಹೀಗೆ ಹತ್ತಿರದವರಿಗೂ ಹೇಳದ ಸಂಗತಿಯನ್ನು ಜನ ನಂಬಿ ಬರೆದಿರುತ್ತಾರೆ. ಈ ತೀವ್ರವಾದ ಅಭ್ಯಾಸ ಎಲ್ಲರಿಗೂ ಎಲ್ಲ ಕಾಲಕ್ಕೂ ಹೊಂದುವುದಿಲ್ಲ. ಆದ್ದರಿಂದ ಆ ಪ್ರಶ್ನೆಗಳು ಬೇಕೇ ಬೇಕು. ಆದರೆ ಅರ್ಜಿಯಲ್ಲಿ ನಿಮ್ಮ ಬಡಾವಣೆಯವರ ಹೆಸರೇ ಕಂಡರೂ ಆ ವಿಷಯ ಆಫೀಸಿನ ಬಾಗಿಲು ದಾಟಬಾರದು. ಈ ಒಂದು ಗುಣ ಇಲ್ಲದವರು ಎಷ್ಟೇ ಚುರುಕಾಗಿದ್ದರೂ ಈ ಕುರ್ಚಿಗೆ ಬರದಿದ್ದರೇ ಒಳ್ಳೆಯದು ಎಂದು ನನಗನ್ನಿಸುತ್ತದೆ.

ಆಫೀಸಿನ ಕೆಲಸ ಅಡುಗೆ ಸೇವೆಗಿಂತ ಕಡಿಮೆ ಎಂಬ ಅಳುಕು ನಿಮ್ಮ ಪ್ರಶ್ನೆಯಲ್ಲಿ ಕಾಣುತ್ತದೆ. ಅದನ್ನು ಬಿಟ್ಟುಬಿಡಿ. ಬುದ್ಧನ ಕಾಲದಲ್ಲಿ ರಾಜಗೃಹದ ವೇಳುವನದಲ್ಲಿ ಭಿಕ್ಷುಗಳಿಗೆ ವಸತಿ ಹಂಚುವ, ಊಟದ ಆಹ್ವಾನಗಳನ್ನು ಗೊತ್ತುಮಾಡುವ ಕೆಲಸವನ್ನು ತಾನಾಗಿಯೇ ಕೇಳಿ ಪಡೆದವನು ದಬ್ಬ ಮಲ್ಲಪುತ್ತ ಎಂಬ ಭಿಕ್ಷು. ಆಗಲೇ ಅರಹಂತನಾಗಿದ್ದ (ಪೂರ್ಣ ಮುಕ್ತಿ ಪಡೆದಿದ್ದ) ಅವನು ಸಂಘಕ್ಕೆ ಏನು ಮಾಡಲಿ ಎಂದು ಯೋಚಿಸಿ ಇದನ್ನು ಆರಿಸಿಕೊಂಡ ಎಂದು ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕ ಹೇಳುತ್ತದೆ. ಬುದ್ಧನ ಉಪದೇಶಗಳಾದ ಸುತ್ತಗಳನ್ನು ಪಠಿಸುವವರನ್ನು ಒಂದು ಕಡೆ, ಧ್ಯಾನದಲ್ಲಿರುವವರನ್ನು ಇನ್ನೊಂದು ಕಡೆ ಇರಿಸುತ್ತಿದ್ದ, ಒಬ್ಬರಿಂದ ಒಬ್ಬರಿಗೆ ತೊಂದರೆ ಆಗದಿರಲಿ ಎಂದು. ಕೋಣೆ ಹಂಚುವುದರಲ್ಲಿ ಎಷ್ಟು ಕಾಳಜಿ ನೋಡಿ! ತಮಗೆ ಸಿಕ್ಕ ವಸತಿ, ಊಟ ಚೆನ್ನಾಗಿಲ್ಲ ಎಂದು ಕೋಪಗೊಂಡ ಕೆಲವರು ಅವನ ಮೇಲೆ ಸುಳ್ಳು ಆರೋಪವನ್ನೂ ಹೊರಿಸಿದರು. ವಸತಿ ಹಂಚುವವರಲ್ಲಿ ಅಗ್ರಗಣ್ಯ ಎಂದು ಬುದ್ಧ ಅವನನ್ನೇ ಹೆಸರಿಸಿದ. ಗಾಳಿ ಬಾರದ ಕೋಣೆ ಕೊಟ್ಟಿರೆಂದು ಯಾರಾದರೂ ನಿಮ್ಮ ಮೇಲೆ ಕೂಗಾಡಿದಾಗ ಇದು ನೆನಪಿರಲಿ.

ನಿಮ್ಮಂಥ ಲೆಕ್ಕದ ಜನಕ್ಕೆ ಹತ್ತಿರವಾದ ಇನ್ನೊಬ್ಬರಿದ್ದಾರೆ. ಗೋಯೆಂಕಾ ಅವರ ಗುರು ಸಯಾಜಿ ಊ ಬಾ ಖಿನ್ 1948ರಲ್ಲಿ ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆದವರು. ತಮ್ಮ ಕಚೇರಿಯ ನೌಕರರಿಗೆ ಕಚೇರಿಯಲ್ಲೇ ವಿಪಶ್ಯನ ಕಲಿಸಿದರು. 1952ರಲ್ಲಿ ರಂಗೂನಿನಲ್ಲಿ ಧ್ಯಾನ ಕೇಂದ್ರ ಶುರುವಾದ ಮೇಲೂ ಸರ್ಕಾರಿ ಕೆಲಸ ಬಿಡಲಿಲ್ಲ. ಫೈಲು ಮತ್ತು ಧ್ಯಾನ ಅವರಿಗೆ ಬೇರೆ ಬೇರೆ ಲೋಕಗಳಾಗಿರಲಿಲ್ಲ.

ಪಾರ್ಟ್‌ಟೈಮ್ ಸೇವಕರಿಗೂ ಕೇಂದ್ರದೊಳಗೆ ಪಂಚಶೀಲ (ಕೊಲ್ಲದಿರುವುದು, ಕದಿಯದಿರುವುದು, ಸುಳ್ಳು ಹೇಳದಿರುವುದು ಮುಂತಾದ ಐದು ನಿಯಮ) ಅನ್ವಯಿಸುತ್ತದೆ. ಅಲ್ಲಿರುವ ಹೊತ್ತಿನಲ್ಲಿ ಸಾಮೂಹಿಕ ಧ್ಯಾನ ಬಂದರೆ ಕೂರುವುದು ರೂಢಿ: ಬೆಳಗ್ಗೆ 8ರಿಂದ 9, ಮಧ್ಯಾಹ್ನ 2.30ರಿಂದ 3.30, ಸಂಜೆ 6ರಿಂದ 7. ಕೆಲಸ ಜಾಸ್ತಿ ಇದೆ ಎಂದು ಇದನ್ನು ತಪ್ಪಿಸುವ ಆಸೆ ಬರುತ್ತದೆ. ತಪ್ಪಿಸಬೇಡಿ. ಒಂದು ಗಂಟೆ ಕೂತು ಎದ್ದವರ ದನಿ ಫೋನಿನಲ್ಲಿ ಬೇರೆಯೇ ಆಗಿರುತ್ತದೆ.

ಸಮಯ ಕೊಡುವಾಗ ಕಡಿಮೆಯೇ ಒಪ್ಪಿಕೊಳ್ಳಿ. ಪ್ರತಿ ಬುಧವಾರ ಬೆಳಗ್ಗೆ ತಪ್ಪದೆ ಬರುವವರಿಂದ ಆಗುವ ಉಪಕಾರ, ಒಂದು ವಾರ ಪೂರ್ತಿ ಬಂದು ಆಮೇಲೆ ಕಾಣೆಯಾಗುವವರಿಂದ ಆಗುವುದಿಲ್ಲ. ಪ್ರಯಾಣವೇ ಕಷ್ಟವಾದರೆ ಮನೆಯಿಂದ ಮಾಡುವ ಕೆಲಸ ಇದೆಯಾ ಎಂದು ಕೇಳಿ. ಅರ್ಜಿ, ಇಮೇಲ್‌ಗಳನ್ನು ಮನೆಯಲ್ಲೇ ಕೂತು ನೋಡಿಕೊಳ್ಳುವ ಸೇವಕರಿದ್ದಾರೆ. ಕನ್ನಡದಲ್ಲಿ ನಿಧಾನವಾಗಿ, ಬಿಡಿಸಿ ಮಾತಾಡಬಲ್ಲವರು ಬೆಂಗಳೂರಿನ ಕೇಂದ್ರಕ್ಕೆ ಬೇಕೇ ಬೇಕು. ಶಿಬಿರ ಮಾಡಿಲ್ಲವಾದರೆ ಮೊದಲು ಅದಕ್ಕೆ ಅರ್ಜಿ ಹಾಕಿ, ಮಂಡಿನೋವಿನ ವಿಷಯವನ್ನು ಅದರಲ್ಲೇ ಬರೆಯಿರಿ. ಕುರ್ಚಿಯ ಮೇಲೆ ಕೂತು ಧ್ಯಾನ ಮಾಡಲು ಅವಕಾಶ ಕೊಡುತ್ತಾರೆ. ಹತ್ತನೇ ದಿನ ಮೌನ ಮುಗಿದ ಮೇಲೆ ನಿಮ್ಮ ವಿಭಾಗದ ಸೇವಕಿಯನ್ನು ಕಂಡು, ಯಾವ ದಿನ, ಎಷ್ಟು ಹೊತ್ತು ಬರಬಲ್ಲಿರಿ ಎಂದು ಹೇಳಿ.