ಬೀದಿದೀಪದ ದಕ್ಷತೆ ಎಂದರೇನು?

ದೀಪವು ಎಳೆಯುವ ವಿದ್ಯುತ್ತನ್ನು ವ್ಯಾಟ್‌ನಲ್ಲಿ ಅಳೆಯುತ್ತಾರೆ, ಅದು ಹೊರಸೂಸುವ ಬೆಳಕನ್ನು ಲ್ಯೂಮೆನ್‌ನಲ್ಲಿ. ಒಂದು ವ್ಯಾಟ್‌ಗೆ ಎಷ್ಟು ಲ್ಯೂಮೆನ್ ದೊರೆಯುತ್ತದೆ ಎಂಬ ಸಂಖ್ಯೆಯೇ ದೀಪದ ಪ್ರಕಾಶ ದಕ್ಷತೆ. ಹಳೆಯ ಟಂಗ್‌ಸ್ಟನ್ ಬಲ್ಬಿನಲ್ಲಿ ಇದು ಸುಮಾರು 15ರೊಳಗೆ, ಪಾದರಸದ ಆವಿದೀಪದಲ್ಲಿ 50ರ ಸುತ್ತ, ಅಧಿಕ ಒತ್ತಡದ ಸೋಡಿಯಂ ದೀಪದಲ್ಲಿ 100ರ ಸುತ್ತ ಇರುತ್ತದೆ. ಇಂದಿನ ಉತ್ತಮ ಎಲ್ಇಡಿ ದೀಪಗಳು 150ರ ಆಸುಪಾಸಿನಲ್ಲಿವೆ.

ಆದರೆ ಬೀದಿದೀಪವನ್ನು ಈ ಒಂದು ಸಂಖ್ಯೆಯಿಂದ ಅಳೆಯುವುದು ಸರಿಯಲ್ಲ. ಕಡಿಮೆ ಒತ್ತಡದ ಸೋಡಿಯಂ ದೀಪವು ಎಲ್ಇಡಿ ಬೀದಿಗೆ ಬರುವ ಎಷ್ಟೋ ಮೊದಲೇ 150ನ್ನು ದಾಟಿತ್ತು. ಆದರೂ ಅದರ ಉದ್ದನೆಯ ಗಾಜಿನ ಕೊಳವೆ ಸುತ್ತಲೂ ಚೆಲ್ಲುತ್ತಿದ್ದ ಬೆಳಕನ್ನು ಹಿಡಿದು ರಸ್ತೆಯತ್ತ ತಿರುಗಿಸುವುದು ಕಷ್ಟವಾಗಿತ್ತು. ಅದರ ಹಳದಿ ಬೆಳಕಿನಲ್ಲಿ ವಸ್ತುಗಳ ನಿಜವಾದ ಬಣ್ಣವೂ ತಿಳಿಯುತ್ತಿರಲಿಲ್ಲ. ಆಕಾಶಕ್ಕೋ ಯಾರದೋ ಮಲಗುವ ಕೋಣೆಯ ಕಿಟಕಿಗೋ ಹೋದ ಬೆಳಕು ಲ್ಯೂಮೆನ್ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ನಡೆಯುವವರ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಬೀದಿದೀಪದ ದಕ್ಷತೆ ಎಂದರೆ, ಬೇಕಾದ ನೆಲದ ಮೇಲೆ ಬೇಕಾದಷ್ಟು ಬೆಳಕನ್ನು, ಬೇಕಾದಷ್ಟು ಹೊತ್ತು ಬೀಳಿಸಲು ತಗಲುವ ವಿದ್ಯುತ್ತಿನ ಲೆಕ್ಕ.

ಇದನ್ನು ಅಳೆಯಲು ಯುರೋಪಿನ ಇಎನ್ 13201 ಮಾನದಂಡದ ಐದನೆಯ ಭಾಗವು 2015ರಲ್ಲಿ ಎರಡು ಸೂಚಕಗಳನ್ನು ನಿಗದಿಪಡಿಸಿತು. ಮೊದಲನೆಯದು, ಒಂದು ಚದರ ಮೀಟರ್ ನೆಲಕ್ಕೆ ಒಂದು ಲಕ್ಸ್ (ಅಂದರೆ ಚದರ ಮೀಟರಿಗೆ ಒಂದು ಲ್ಯೂಮೆನ್) ಬೆಳಕು ಬೀಳಲು ಎಷ್ಟು ವ್ಯಾಟ್ ಬೇಕು ಎಂಬುದು. ಎರಡನೆಯದು, ಒಂದು ಚದರ ಮೀಟರ್ ನೆಲವನ್ನು ಬೆಳಗಲು ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ ಖರ್ಚಾಗುತ್ತದೆ ಎಂಬುದು.

ಒಂದು ಉದಾಹರಣೆ ನೋಡೋಣ. ಕಂಬದಿಂದ ಕಂಬಕ್ಕೆ 30 ಮೀಟರ್ ಅಂತರವಿದ್ದು ರಸ್ತೆಯ ಅಗಲ 7 ಮೀಟರ್ ಆದರೆ ಒಂದು ದೀಪದ ಪಾಲಿಗೆ 210 ಚದರ ಮೀಟರ್ ನೆಲ ಬರುತ್ತದೆ. ಅಲ್ಲಿ ಸರಾಸರಿ 10 ಲಕ್ಸ್ ಬೇಕಾದರೆ 2,100 ಲ್ಯೂಮೆನ್ ರಸ್ತೆಯನ್ನು ತಲುಪಬೇಕು. ಹಳೆಯ ದೀಪವೊಂದು ಚೋಕ್‌ನ ನಷ್ಟವೂ ಸೇರಿ 84 ವ್ಯಾಟ್‌ನಲ್ಲಿ ಈ ಕೆಲಸ ಮಾಡಿದರೆ ಮೊದಲ ಸೂಚಕ 0.04 ಆಗುತ್ತದೆ, ಬೆಳಕನ್ನು ಸರಿಯಾಗಿ ಹರಡುವ ಮಸೂರಗಳುಳ್ಳ ಎಲ್ಇಡಿ 30 ವ್ಯಾಟ್‌ನಲ್ಲಿ ಅದನ್ನೇ ಮಾಡಿದರೆ ಸುಮಾರು 0.014 ಆಗುತ್ತದೆ. ವರ್ಷಕ್ಕೆ 4,000 ಗಂಟೆ ಉರಿದರೆ ಹಳೆಯ ದೀಪಕ್ಕೆ 336 ಯೂನಿಟ್, ಎಲ್ಇಡಿಗೆ 120 ಯೂನಿಟ್ ಬೇಕು. ಇದನ್ನು 210 ಚದರ ಮೀಟರ್‌ನಿಂದ ಭಾಗಿಸಿದರೆ ಎರಡನೆಯ ಸೂಚಕ ಸಿಗುತ್ತದೆ.

ಈಗ ಅದೇ ರಸ್ತೆಗೆ 60 ವ್ಯಾಟ್‌ನ ಎಲ್ಇಡಿ ಹಾಕಿ 20 ಲಕ್ಸ್ ಬೆಳಕು ಕೊಟ್ಟರು ಎಂದುಕೊಳ್ಳಿ. ಮೊದಲ ಸೂಚಕ ಅದೇ 0.014ರಲ್ಲಿ ನಿಲ್ಲುತ್ತದೆ, ಅಂದರೆ ದೀಪ ಅಷ್ಟೇ ದಕ್ಷವೆಂದು ತೋರುತ್ತದೆ. ಖರ್ಚು ಮಾತ್ರ 240 ಯೂನಿಟ್‌ಗೆ ಏರಿರುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ. ದೀಪ ಬದಲಾಯಿಸಿ, ಅಗತ್ಯಕ್ಕಿಂತ ಹೆಚ್ಚು ಬೆಳಕು ಸುರಿದು, ಅದನ್ನೇ ಉಳಿತಾಯವೆಂದು ನಂಬುವ ತಪ್ಪು ಎರಡನೆಯ ಸೂಚಕವನ್ನು ನೋಡದೆ ಹೋದರೆ ಕಾಣಿಸುವುದೇ ಇಲ್ಲ.

ಎರಡನೆಯ ಸೂಚಕವನ್ನು ತಗ್ಗಿಸಲು ದೀಪವನ್ನೇ ಬದಲಿಸಬೇಕೆಂದಿಲ್ಲ, ಸಮಯವನ್ನು ಹಿಡಿತದಲ್ಲಿಟ್ಟರೂ ಆಗುತ್ತದೆ. ಸಂಚಾರ ವಿರಳವಾಗುವ ಅರ್ಧ ಇರುಳು ಮೇಲಿನ 30 ವ್ಯಾಟ್‌ನ ದೀಪವನ್ನು ಅರ್ಧ ಶಕ್ತಿಗೆ ಇಳಿಸಿದರೆ 120 ಯೂನಿಟ್ 90ಕ್ಕೆ ಬರುತ್ತದೆ. ಸೂರ್ಯೋದಯ ಮತ್ತು ಸೂರ್ಯಾಸ್ತದ ಸಮಯವನ್ನು ದಿನದಿನಕ್ಕೂ ಲೆಕ್ಕಹಾಕುವ ಟೈಮರ್ ಇದ್ದರೆ ಹಗಲಿನಲ್ಲಿ ದೀಪ ಉರಿಯುವುದೂ ತಪ್ಪುತ್ತದೆ.

ಇನ್ನೊಂದು ನಷ್ಟ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ವರ್ಷಗಳು ಕಳೆದಂತೆ ದೀಪದ ಬೆಳಕು ಕುಗ್ಗುತ್ತದೆ, ಗಾಜಿಗೆ ಧೂಳು ಕೂರುತ್ತದೆ. ಇದನ್ನು ಮುಂದಾಗಿ ಊಹಿಸಿ ವಿನ್ಯಾಸಕಾರರು ಆರಂಭದಲ್ಲೇ ಹೆಚ್ಚು ಬೆಳಕು ಬರುವಂತೆ ದೀಪ ಆರಿಸುವುದರಿಂದ ಮೊದಲ ವರ್ಷಗಳಲ್ಲಿ ಆ ಹೆಚ್ಚುವರಿ ವಿದ್ಯುತ್ ವ್ಯರ್ಥವಾಗುತ್ತದೆ. ಈಚಿನ ಕೆಲವು ಎಲ್ಇಡಿ ದೀಪಗಳ ಡ್ರೈವರ್ (ದೀಪಕ್ಕೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಭಾಗ) ಮೊದಲು ಕಡಿಮೆ ಶಕ್ತಿಯಲ್ಲಿ ಉರಿಸಿ, ದೀಪ ಹಳತಾದಂತೆ ಶಕ್ತಿಯನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತಾ ಹೋಗುತ್ತದೆ. ಗಾಜಿನ ಧೂಳನ್ನು ಮಾತ್ರ ಆಗಾಗ ಕಂಬ ಹತ್ತಿಯೇ ಒರೆಸಬೇಕು.