ಕಣ್ಣಿನ ಮೆಲನೋಮಾಕ್ಕೆ ಬಿಸಿಲನ್ನು ದೂರಬೇಡಿ

ಮೆಲನೋಮಾ, ಅಂದರೆ ಮೈಗೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್, ಅಂದ ಕೂಡಲೇ ಬಿಸಿಲು ನೆನಪಾಗುತ್ತದೆ. ಚರ್ಮದ ಮೆಲನೋಮಾದ ಮಟ್ಟಿಗೆ ಅದು ಸರಿ. ಆದರೆ ಕಣ್ಣಿನೊಳಗೆ, ರೆಟಿನಾದ ಹಿಂದಿರುವ ಕೋರಾಯ್ಡ್ ಪದರದಲ್ಲಿ ಹುಟ್ಟುವ ಮೆಲನೋಮಾಕ್ಕೂ ಬಿಸಿಲೇ ಕಾರಣ ಅಂತ ಸುಮ್ನೆ ಹೇಳಿಬಿಡುತ್ತಾರಲ್ಲ, ಆ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಯೂರೋಪನ್ನೇ ನೋಡಿ. ಬಿಸಿಲು ಧಾರಾಳವಾಗಿರುವ ಸ್ಪೇನ್ ಮತ್ತು ದಕ್ಷಿಣ ಇಟಲಿಯಲ್ಲಿ ವರ್ಷಕ್ಕೆ 10 ಲಕ್ಷ ಜನರಲ್ಲಿ ಇಬ್ಬರಿಗೂ ಇದು ಬರುವುದಿಲ್ಲ. ಬಿಸಿಲು ಕಡಿಮೆಯಿರುವ ನಾರ್ವೆ, ಡೆನ್ಮಾರ್ಕ್‌ಗಳಲ್ಲಿ 8ಕ್ಕಿಂತ ಜಾಸ್ತಿ. ಆದರೂ ಇದೊಂದೇ ಸಾಕ್ಷಿ ಸಾಲದು. ಉತ್ತರದವರದು ಬಿಳಿ ಚರ್ಮ, ತಿಳಿ ಬಣ್ಣದ ಕಣ್ಣು. ಅವರಿಗೆ ಚರ್ಮದ ಮೆಲನೋಮಾ ಕೂಡ ಹೆಚ್ಚೇ.

ಗಟ್ಟಿ ಸಾಕ್ಷಿ ಅಮೆರಿಕದಲ್ಲಿದೆ. 1973ರಿಂದ 2008ರವರೆಗೆ ಅಲ್ಲಿ ಚರ್ಮದ ಮೆಲನೋಮಾ ಏರುತ್ತಲೇ ಹೋಯಿತು. ಕಣ್ಣಿನದು? 10 ಲಕ್ಷಕ್ಕೆ ಸುಮಾರು 5, ಅಲ್ಲಿಂದ ಕದಲಲಿಲ್ಲ. ಚರ್ಮ, ಕಣ್ಣು ಎರಡರ ಮೇಲೂ ಬಿದ್ದದ್ದು ಒಂದೇ ಬಿಸಿಲು ಅಲ್ವಾ?

ಬಿಸಿಲಿನ ನೇರಳಾತೀತ ಕಿರಣ ಕಣ್ಣಿನ ಹಿಂಭಾಗಕ್ಕೆ ತಲುಪುವುದೇ ಕಷ್ಟ. ಕಾರ್ನಿಯಾ, ಲೆನ್ಸ್ ಎರಡೂ ಅದನ್ನು ದಾರಿಯಲ್ಲೇ ಹೀರಿಕೊಳ್ಳುತ್ತವೆ. ಆ ಕಿರಣ ಡಿಎನ್ಎಯನ್ನು ಕೆಡಿಸಿದರೆ ತನ್ನದೇ ಗುರುತು ಬಿಟ್ಟು ಹೋಗುತ್ತದೆ: ಡಿಎನ್ಎ ಬರಹದಲ್ಲಿ ಸಿ ಅಕ್ಷರ ಇದ್ದಲ್ಲಿ ಟಿ. ಚರ್ಮದ ಮೆಲನೋಮಾದಲ್ಲಿ ಈ ಗುರುತು ರಾಶಿ ರಾಶಿ. ಕೋರಾಯ್ಡಿನದರಲ್ಲಿ ಬಹುಮಟ್ಟಿಗೆ ಇಲ್ಲ. (ಕಣ್ಣಿನ ಮುಂಭಾಗದ ಐರಿಸ್‌ನಲ್ಲಿ ಹುಟ್ಟುವುದರ ಮಾತು ಬೇರೆ. ಅಲ್ಲಿಗೆ ಬಿಸಿಲು ಬೀಳುತ್ತದೆ.)

ಹಾಗಾದರೆ ಕೆಟ್ಟಿದ್ದು ಯಾವುದು? ಹತ್ತರಲ್ಲಿ ಎಂಟಕ್ಕೂ ಹೆಚ್ಚು ಗಡ್ಡೆಗಳಲ್ಲಿ ಜಿಎನ್ಎಕ್ಯೂ ಅಥವಾ ಜಿಎನ್ಎ11 ಅನ್ನುವ ಜೀನ್. ಇವು ಮಾಡಿಸುವ ಪ್ರೋಟೀನು ಒಂದು ಕರೆಗಂಟೆ. ಹೊರಗಿನಿಂದ ಯಾರೋ ಒತ್ತಿದರೆ ಒಳಗೆ ಸದ್ದು, ಬೆರಳು ತೆಗೆದರೆ ನಿಶ್ಶಬ್ದ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಬಾಗಿಲು. ಜಿಟಿಪಿ ಅನ್ನುವ ಪುಟ್ಟ ಅಣು ಬಂದು ಕೂತಾಗ ಬಾಗಿಲು ತೆರೆಯುತ್ತದೆ. ಪ್ರೋಟೀನು ಆ ಜಿಟಿಪಿಯನ್ನು ತಾನೇ ತುಂಡರಿಸಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಪ್ರೋಟೀನಿನ ಸರಪಳಿಯಲ್ಲಿ 209ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ತುಂಡರಿಸುವ ಕತ್ತರಿ ಮೊಂಡಾಗುತ್ತದೆ. ಬಾಗಿಲು ಹಾರು ಹೊಡೆದೇ ಇರುತ್ತದೆ. ‘ಬೆಳೆ, ಬೆಳೆ’ ಅನ್ನುವ ಕರೆ ಕೋಶದೊಳಗೆ ನಿಲ್ಲುವುದೇ ಇಲ್ಲ. ಎಷ್ಟು ಸಣ್ಣ ಬದಲಾವಣೆ ನೋಡಿ!

ಹಿಂದೆ ಗಡ್ಡೆ ಕಂಡರೆ ಕಣ್ಣನ್ನೇ ತೆಗೆಯುತ್ತಿದ್ದರು. ಅಮೆರಿಕ, ಕೆನಡಾದಲ್ಲಿ 1,317 ರೋಗಿಗಳ ಮೇಲೆ ನಡೆದ ಪರೀಕ್ಷೆ ಆ ರೂಢಿಯನ್ನು ಬದಲಿಸಿತು. ಮಧ್ಯಮ ಗಾತ್ರದ ಗಡ್ಡೆಗೆ ಕಣ್ಣು ತೆಗೆದರೂ ಅಷ್ಟೇ, ವಿಕಿರಣದ ಪುಟ್ಟ ಬಿಲ್ಲೆಯನ್ನು ಕೆಲವು ದಿನ ಕಣ್ಣಿಗೆ ಹೊಲಿದಿಟ್ಟರೂ ಅಷ್ಟೇ, ಬದುಕುಳಿದವರ ಪ್ರಮಾಣ ಒಂದೇ.

ಎರಡರ ಫಲವೂ ಒಂದೇ ಆಗಲು ಕಾರಣ ಇಷ್ಟು. ಚರ್ಮದ ಮೆಲನೋಮಾ ಮೊದಲು ಹತ್ತಿರದ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹೋಗುತ್ತದೆ. ಕೋರಾಯ್ಡಿನಲ್ಲಿ ಆ ದಾರಿ ಇಲ್ಲ. ಕೋಶಗಳು ನೇರ ರಕ್ತಕ್ಕೆ ಇಳಿದು ಲಿವರ್ ಸೇರುತ್ತವೆ, ಎಷ್ಟೋ ಸಲ ಚಿಕಿತ್ಸೆಗೂ ಮೊದಲೇ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ರೋಗ ಹೀಗೆ ಹರಡುತ್ತದೆ. ಕೆಲವರಲ್ಲಿ 10 ವರ್ಷ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಕಣ್ಣು ಗುಣವಾದ ಮೇಲೂ ವರ್ಷಗಟ್ಟಲೆ ಲಿವರ್ ಸ್ಕ್ಯಾನ್ ಮಾಡಿಸಿ ಅನ್ನುವುದು ಇದಕ್ಕೇ.